ದೋಣಿಯಿಲ್ಲದ ಎಂಜಿನ್ನು

ಓಝರ್ ಎಂಬ ಊರಿನಲ್ಲಿ ದೋಣಿಯೇ ಇಲ್ಲದ ನಾವಿಕರೊಬ್ಬರಿದ್ದಾರೆ. ಅವರು ನನ್ನ ಸೋದರಮಾವ ಎಂಬುದನ್ನು ಮರೆಮಾಚಲು ಯತ್ನಿಸಿ ಸೋತಿದ್ದೇನೆ!

ವಿಮಾನದ ಕಾರ್ಖಾನೆಯಲ್ಲಿ ತಪಾಸಣೆ ಅವರ ಕೆಲಸವಾಗಿತ್ತು. ಕೂದಲೆಳೆಯಷ್ಟು ತಪ್ಪಿದ್ದರೂ ಜನ್ಮದಲ್ಲಿ 'ಸರಿ' ಎಂದವರಲ್ಲ. ನಿವೃತ್ತರಾದದ್ದೇ ತಡ, ಸಂಭಾಜಿನಗರದ ಗುಜರಿಯಿಂದ ದೋಣಿಗೆ ಕಟ್ಟುವ ಪುಟ್ಟ ಎಂಜಿನ್ನೊಂದನ್ನು ಹೊತ್ತು ತಂದರು. ಅದು ನೀರು ಎಳೆದುಕೊಂಡೇ ತಣಿಯಬೇಕಂತೆ. ಹಾಗಾಗಿ ಅಂಗಳದ ಡ್ರಮ್ಮಿನ ಅಂಚಿಗೆ ಅದರ ಪ್ರತಿಷ್ಠಾಪನೆಯಾಯಿತು.

"ನಳ ಬರೋದು ದಿನ ಬಿಟ್ಟು ದಿನ. ಅದರಾಗ ಮೊದಲ ಸ್ನಾನ ಇದಕ್ಕ, ಆಮ್ಯಾಲ ನನಗ!" ಎಂದರು ಅತ್ತೆ.

ನಾನು ಹೋದಾಗಲೆಲ್ಲ ಪಾಠ.

"ಪಿಸ್ಟನ್ ಏರಿದ್ರ ಮ್ಯಾಲಿಂದು ಅದುಮತದ, ಕೆಳಗ ಹೊಸಾ ಗಾಳಿ-ಪೆಟ್ರೋಲ್ ಎಳಕೋತದ. ಕಿಡಿ ಬಿದ್ದು ಇಳಿದ್ರ ಹೊಗಿ ಹೊರಗ, ಹೊಸಾದು ಒಳಗ. ಮುಗೀತು!"

"ಹೋಗೋದೂ ಬರೋದೂ ಒಟ್ಟಿಗೇನ್ರಿ ಮಾಮಾ? ಬಾಗಲದಾಗ ಢಿಕ್ಕಿ ಹೊಡ್ಯಂಗಿಲ್ಲೇನು?"

"ಹೊಡೀತಾವ! ಒಂದೀಟು ಹೊಸಾದೂ ಹೊರಗ ಹೋಗತದ. ಆಮ್ಯಾಲ ಈ ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ತೂತು ನೋಡು. ಗಾಳಿ ಒಳಗ ಹೋದ್ರಷ್ಟೇ ಪೆಟ್ರೋಲ್ ಕೆಳಗ ಇಳೀತದ."

ಗಾಳಿ, ಹೊಗೆ, ಪೆಟ್ರೋಲು ಎಲ್ಲವೂ ಎಲ್ಲೆಲ್ಲೋ ಹೋದವು. ನನ್ನ ತಲೆಗೆ ಮಾತ್ರ ಯಾವುದೂ ಹೋಗಲಿಲ್ಲ.

ಇಷ್ಟಕ್ಕೂ ಈ ಹಟವೇಕೆ? ಮದುವೆಯಾದ ಹೊಸತರಲ್ಲಿ ಅತ್ತೆಯನ್ನು ದೋಣಿಯಲ್ಲಿ ಕೂರಿಸುವುದಾಗಿ ಮಾತು ಕೊಟ್ಟಿದ್ದರಂತೆ. ಕಾರ್ಖಾನೆ ಬಿಡುವು ಕೊಡಲಿಲ್ಲ. ಈಗ ಅತ್ತೆಯ ಕಣ್ಣು ಮಂಜಾಗುತ್ತಿದೆ. ಉಳಿದಿರುವಷ್ಟು ದೃಷ್ಟಿಯೂ ಬಹಳ ದಿನ ಉಳಿಯದೆಂದು ಡಾಕ್ಟರು ಹೇಳಿದ್ದಾರೆ.

"ಬಾಡಿಗಿ ದೋಣಿ ಸಿಗತಾವಲ್ರಿ?"

"ಮಂದಿ ಎಂಜಿನ್ ನಂಬಿ ನಿಮ್ಮತ್ತೀನ ಕೂಡಸಲೇನು?"

ಕಡೆಗೊಂದು ಮುಂಜಾನೆ, ಪರಿಚಯದ ಮೀನುಗಾರನ ದೋಣಿಗೆ ಎಂಜಿನ್ನು ಬಿಗಿದು ಗಂಗಾಪುರ ಅಣೆಕಟ್ಟಿನ ನೀರಿಗಿಳಿದೆವು. ಮೊದಲು ಪೂಜೆ: ಎಂಜಿನ್ನಿಗೆ ಮೂರು ಬೆರಳು ವಿಭೂತಿ, ಮುಚ್ಚಳಕ್ಕೆ ಮಾವನೇ ಕೈಯಾರೆ ಇಟ್ಟ ದಪ್ಪನೆಯ ಹಸಿ ಕುಂಕುಮ. ಹಗ್ಗ ಎಳೆದರು. ಎಂಜಿನ್ನು ಗರ್ಜಿಸಿತು! ನಡುನೀರಿಗೆ ಬಂದದ್ದೇ ಕೆಮ್ಮಿ, ಗಪ್ ಚುಪ್.

ಮಾವ ಎಲ್ಲವನ್ನೂ ತಪಾಸಣೆ ಮಾಡಿದರು. ಆಮೇಲೆ ಅವರ ಕಣ್ಣು ಮುಚ್ಚಳದ ಮೇಲೆ ನಿಂತಿತು. ಆ ತೂತಿನ ಮೇಲೆಯೇ ಕುಂಕುಮ! ಗಟ್ಟಿಯಾಗಿ ಒಣಗಿ ಕೂತಿತ್ತು. ಕೆರೆಯಲು ಉಗುರೆತ್ತಿದರು.

"ಒಂದೀಟು ತಡೀರಿ," ಎಂದರು ಅತ್ತೆ. ಎರಡೂ ಕೈ ನೀರಿನಲ್ಲಿ ಇಳಿಬಿಟ್ಟಿದ್ದರು. "ಎಷ್ಟು ಶಾಂತ ಅದ... ಅಲ್ಲಿ ಬೆಳ್ಳಗ ಕಾಣೋದು ಕೊಕ್ಕರೆ ಹೌದಲ್ರಿ?"

ನಾನು ನೋಡಿದೆ. ಬಲೆಗೆ ಕಟ್ಟಿದ ಪ್ಲಾಸ್ಟಿಕ್ ಡಬ್ಬಿ. ಮಾವನೂ ನೋಡಿದರು, ಕೂದಲೆಳೆಯನ್ನೂ ಬಿಡದ ಆ ಕಣ್ಣುಗಳಿಂದ. ಎತ್ತಿದ ಕೈಯನ್ನು ಮೆಲ್ಲಗೆ ತೊಡೆಯ ಮೇಲಿಟ್ಟುಕೊಂಡರು.

"ಹೌದು," ಎಂದರು. "ಎರಡು ಅದಾವ."