ಒಂದೇ ಬುರುಡೆಯ ಭಾವನವರು

ಪಾತ್ರೆ ತೊಳೆಯಲಾರದ ಸೋಮಾರಿತನವನ್ನೇ ಸಂಶೋಧನೆ ಮಾಡಿಕೊಂಡವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ನನ್ನ ಯಜಮಾನರ ಅಣ್ಣ!

ಭಾವನವರು ಬೆಂಗಳೂರಿನಲ್ಲಿ ರಸಾಯನಶಾಸ್ತ್ರ ಓದುತ್ತಿದ್ದರು. ಗಿಡವೊಂದರಲ್ಲಿರುವ ಔಷಧದ ವಸ್ತುವನ್ನು ಗಾಜಿನ ಬುರುಡೆಯಲ್ಲಿ ಹುಟ್ಟಿಸಬೇಕು. ಉಳಿದವರು ಒಂದು ಕ್ರಿಯೆ ಮುಗಿಸಿ, ಸೋಸಿ, ಇನ್ನೊಂದು ಬುರುಡೆಗೆ ಸುರಿದು ಮುಂದುವರಿಯುತ್ತಿದ್ದರಂತೆ. ಇವರದು ಐದೂ ಕ್ರಿಯೆ ಒಂದೇ ಬುರುಡೆಯಲ್ಲಿ!

"ಮೊದಲನೆಯದು ಎರಡನೆಯದನ್ನ ಎಬ್ಬಿಸುತ್ತೆ, ಎರಡನೆಯದು ಮೂರನೆಯದನ್ನ. ಮಧ್ಯೆ ನಾವು ಕೈ ಹಾಕಕೂಡದು ಕಣಮ್ಮ. ಗಿಡ ಏನು ಬುರುಡೆ ಬದಲಾಯಿಸುತ್ತಾ?"

ಹಾಗೆನ್ನುವಾಗ ಅವರ ದನಿ ತಾನಾಗಿ ತಗ್ಗುತ್ತಿತ್ತು. ನನಗೂ ಮೈ ಜುಮ್ಮೆನ್ನುತ್ತಿತ್ತು. ಆದರೆ ನಾಲ್ಕು ವರ್ಷವೂ ತಳದಲ್ಲಿ ಸಿಕ್ಕಿದ್ದು ಕಂದು ಅಂಟು. ಈ ವರ್ಷ ಶುದ್ಧ ವಸ್ತುವಿನ ಹರಳು ಬರದಿದ್ದರೆ ಪ್ರಯೋಗಶಾಲೆಯ ಮೇಜು ಖಾಲಿ ಮಾಡಿ ಎಂದು ಪ್ರೊಫೆಸರರು ಹೇಳಿಯಾಗಿತ್ತು.

ಬೇಲೂರಿಗೆ ಹೆಣ್ಣು ನೋಡಲು ಹೋದಾಗ, ಉಪ್ಪಿಟ್ಟು ತಂದಿಟ್ಟ ಹುಡುಗಿಯನ್ನು ಭಾವನವರು ಕೇಳಿದ್ದೇನು? ಹಾಡು ಬರುತ್ತದೆಯೇ ಎಂದೇ? ಅಯ್ಯೋ! "ಇದಕ್ಕೆ ಎಷ್ಟು ಪಾತ್ರೆ ಆಯ್ತು?"

ಅವಳು ತಲೆ ಎತ್ತಿ, "ಮೂರು. ಯಾಕೆ, ತೊಳೆದುಕೊಡ್ತೀರಾ?" ಎಂದಳು. ಸಂಬಂಧ ಅಲ್ಲಿಗೇ ಮುಗಿಯಿತು.

ಆ ಬೇಸಿಗೆ ಅರಸೀಕೆರೆಯ ನಮ್ಮ ಮನೆಗೆ ಬಂದರು. ಅತ್ತೆ ದೇವರ ದರ್ಶನಕ್ಕೆ ಮಾಲೇಕಲ್ಲಿಗೆ ಹೋಗಿದ್ದರು. ನಾನು ಮೂರು ದಿನ ಹೊರಗೆ, ಅಡಿಗೆಮನೆಗೆ ಕಾಲಿಡುವಂತಿಲ್ಲ. "ಹುಳಿ ನಾನೇ ಮಾಡ್ತೀನಿ" ಎಂದು ಹೊರಟೇಬಿಟ್ಟರು. ಬೇಳೆ, ಬದನೆಕಾಯಿ, ಹುಣಸೆರಸ, ಪುಡಿ, ಎಲ್ಲ ಒಟ್ಟಿಗೇ!

ಹಿತ್ತಿಲಿನಿಂದ ನಾನು, "ಭಾವ, ಹುಣಸೆ ಆಮೇಲೆ..." ಎಂದೆ.

"ಪಾತ್ರೆಗೆ ಗೊತ್ತಿರುತ್ತೆ, ಸುಮ್ನಿರಮ್ಮ!"

ಎರಡು ಗಂಟೆ ಕುದಿದರೂ ಬೇಳೆ ಸೌಟಿಗೆ ಕಲ್ಲಿನಂತೆ ಬಡಿಯುತ್ತಿತ್ತು. ಸೌಟು ಹಿಡಿದೇ ಹಿತ್ತಿಲ ಬಾಗಿಲಿಗೆ ಬಂದರು.

"ಹುಣಸೆ ಮೊದಲೇ ಹಾಕಿದ್ದಕ್ಕಾ?"

"ಹೌದು ಭಾವ. ಹುಳಿ ಬಿದ್ದರೆ ಬೇಳೆ ಬೇಯಲ್ಲ."

ಸೌಟಿನಿಂದ ತೊಟ್ಟಿಕ್ಕಿದ್ದು ಅವರ ಪಾದ ಸುಟ್ಟರೂ ಗಮನವಿಲ್ಲ. "ಬುರುಡೆಗೆ ಆಸಿಡ್ ನಾನೂ ಮೊದಲೇ ಹಾಕ್ತಿದ್ದೀನಿ! ಅದು ಒಳಗೇ, ತನ್ನ ಹೊತ್ತಿಗೆ ಹುಟ್ಟಬೇಕು!" ಮಧ್ಯಾಹ್ನದ ರೈಲಿಗೇ ಹೊರಟುಹೋದರು. ಊಟ? ಅವಲಕ್ಕಿ ತಿಂದೆವು!

ದೀಪಾವಳಿಗೆ ಮುಂಚೆ ಒಂದು ಬೆಳಿಗ್ಗೆ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಕಿರುಬೆರಳಿನಷ್ಟು ಗಾಜಿನ ಕೊಳವೆ. ಒಳಗೆ ಚಿಟಿಕೆಯಷ್ಟು ಸೂಜಿಯಂಥ ಬಿಳಿ ಹರಳುಗಳು, ಬಿಸಿಲಿಗೆ ಮಿನುಗುತ್ತಿದ್ದವು.

"ಐದೂ?" ಎಂದೆ.

"ಐದೂ. ಹಳದಿ ಆಯ್ತು, ಹಸಿರಾಯ್ತು, ಆಮೇಲೆ ಬಣ್ಣವೇ ಹೋಗಿ ತಿಳಿಯಾಯ್ತು. ನಾನು ಸ್ಟೂಲ್ ಮೇಲೆ ಸುಮ್ನೆ ಕೂತಿದ್ದೆ, ಅಷ್ಟೆ."

ಅತ್ತೆ ಒಳಗಿನಿಂದ ಬಂದು ಕೊಳವೆಯನ್ನು ದೂರದಿಂದಲೇ ನೋಡಿದರು. "ನಾಲ್ಕು ವರ್ಷಕ್ಕೆ ಇಷ್ಟೇ ಏನೋ?"

"ಇಷ್ಟೇ ಅಮ್ಮ" ಎಂದು ಕೊಳವೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡರು.

ಮಡಿಯಲ್ಲಿದ್ದಾಗ ರೈಲಿನ ಬಟ್ಟೆಯವರನ್ನು ಅತ್ತೆ ಹತ್ತಿರವೂ ಸೇರಿಸುತ್ತಿರಲಿಲ್ಲ. ಅವತ್ತು ಒದ್ದೆ ಸೀರೆಯಲ್ಲೇ ಹೊಸ್ತಿಲು ದಾಟಿ, ಮಗನ ತಲೆಯನ್ನು ಹೆಗಲಿಗೆ ಒತ್ತಿಕೊಂಡರು.

"ಬಂತಲ್ಲ, ಸಾಕು ಕಣೋ."