ಸಂಬಂಧ ನೋಡಲು ಹೋಗಿ ಹುಚ್ಚಿನ ಪಾಠ ಹೇಳಿದ್ದು

ಇಂಗ್ಲಿಷ್ ಎಂ.ಎ. ಮಾಡಿದವನು ಎಲ್ಲಿ ಬೇಕಾದರೂ ಮಾತಾಡಬಲ್ಲ ಎಂಬ ಅಚಲ ವಿಶ್ವಾಸದಿಂದ ನಾನು ಶಿಡ್ಲಘಟ್ಟದ ಬಸ್ಸು ಹತ್ತಿದೆ. ನಾದಿನಿ ರೂಪಾಗೆ ಗೊತ್ತುಮಾಡಬೇಕೆಂದಿದ್ದ ಹುಡುಗನ ಮನೆ ನೋಡಿಬರುವ ಶಾಸ್ತ್ರ. ಹುಡುಗ ಹುಡುಗಿ ಆಗಲೇ ಒಪ್ಪಿದ್ದರು; ಹಿರಿಯರು ತಲೆಯಾಡಿಸುವುದಷ್ಟೇ ಬಾಕಿ. ಮಾವನವರಿಗೆ ಮಂಡಿನೋವು. ಹಾಗಾಗಿ ಹಿರಿಯನ ಪಟ್ಟ ನನಗೆ!

ಕಾಫಿ ಕುಡಿದು, ಮನೆ ಚೆನ್ನಾಗಿದೆ ಎಂದು ಹೇಳಿ ಸುಮ್ಮನಿರಬೇಕೆಂದು ಜೊತೆಗೆ ಬಂದ ಹೆಂಡತಿ ಸುಮಾ ಹೊರಡುವಾಗಲೇ ತಾಕೀತು ಮಾಡಿದ್ದಳಂತೆ. ನನಗೆ ನೆನಪಿಲ್ಲ. ನನ್ನ ನೆನಪು ನನಗೆ ಬೇಕಾದದ್ದನ್ನಷ್ಟೇ ಇಟ್ಟುಕೊಳ್ಳುತ್ತದೆ ಎಂಬ ಗುಮಾನಿ ನನಗೂ ಇದೆ.

ಅವರದು ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಮನೆತನ. ಕಾಫಿ ಬಂತು. ಹುಡುಗನ ತಂದೆ, ಈಚೆಗೆ ಏನು ಓದುತ್ತಿದ್ದೀರಿ ಎಂದು ಮರ್ಯಾದೆಗೆ ಕೇಳಿದರು. ನಾನೂ ಮರ್ಯಾದೆಗೆ ಉತ್ತರಿಸಿದ್ದರೆ ಮುಗಿಯುತ್ತಿತ್ತು. ತಿಕ್ಕಲರನ್ನು ಇಂಗ್ಲಿಷಿನವರು ಏನೇನೆಂದು ಕರೆಯುತ್ತಾರೆ, ಯಾಕೆ ಹಾಗೆ ಕರೆಯುತ್ತಾರೆ ಎಂದು ಓದುತ್ತಿದ್ದೇನೆ ಎಂದೆ.

ಮೂಲೆಯ ಕುರ್ಚಿಯಲ್ಲಿದ್ದ ಹುಡುಗನ ಚಿಕ್ಕಪ್ಪ ಮುಂದಕ್ಕೆ ಬಾಗಿದರು. "ಏನಂತಾರೆ ಸಾರ್, ಹೇಳಿ."

ಕೇಳುವವರು ಸಿಕ್ಕಿ ವರ್ಷಗಳಾಗಿದ್ದವು. 'ಲೂನಿ' ಎನ್ನುವುದರ ಮೂಲ ಚಂದ್ರನ ಲ್ಯಾಟಿನ್ ಹೆಸರು, ನಮ್ಮ ಅಮಾವಾಸ್ಯೆ ಹುಣ್ಣಿಮೆಯ ಕಾಟದಂತೆಯೇ ಎಂದೆ. 'ಬ್ಯಾಟಿ' ಎಂದರೆ ತಲೆಯೆಂಬ ಗಂಟೆಗೋಪುರದಲ್ಲಿ ಬಾವಲಿ ಹಾರಾಡುತ್ತಿರುವವನು ಎಂದೆ. ಹುಡುಗನ ತಾಯಿ ಸೆರಗು ಸರಿಮಾಡಿಕೊಂಡರು. ಸುಮಾ ನನ್ನ ಕಾಲು ತುಳಿದಳು. ಅಕಸ್ಮಾತ್ ತಗುಲಿತೆಂದು ಕಾಲು ಎಳೆದುಕೊಂಡೆ.

ಆಮೇಲೆ ಟೋಪಿಯವರ ಕಥೆ. ಹಿಂದೆ ಅಲ್ಲಿ ಟೋಪಿ ಮಾಡುವವರು ಪಾದರಸದ ಹಬೆಗೆ ತಲೆ ಕೆಡಿಸಿಕೊಳ್ಳುತ್ತಿದ್ದರಂತೆ. ಹುಚ್ಚರನ್ನು ಟೋಪಿಯವನಿಗೆ ಹೋಲಿಸುವುದು ಅದಕ್ಕೇ ಎನ್ನುತ್ತಾರೆ. ಅಲ್ಲಿಗಾದರೂ ನಿಲ್ಲಿಸಬಹುದಿತ್ತು. ವಿದ್ವತ್ತು ಬಿಡಬೇಕಲ್ಲ!

"ನೀವೂ ದಿನವೆಲ್ಲಾ ಗೂಡು ಬೇಯ್ಸೋ ಹಬೇಲಿರ್ತೀರಿ. ತಲೆಗೇನಾದ್ರೂ ತೊಂದ್ರೆ ಆಗುತ್ತಾ?"

ಹುಡುಗನ ತಂದೆ ಕಾಫಿ ಲೋಟ ಕೆಳಗಿಟ್ಟರು. ಚಿಕ್ಕಪ್ಪ ಮಾತ್ರ ಶ್ರದ್ಧೆಯಿಂದ ಯೋಚಿಸಿದರು. "ನಂಗೇನೂ ಆಗಿಲ್ಲಪ್ಪ. ಬೇಯ್ಸೋಕ್ ಮುಂಚೆ ಒಂದೊಂದು ಬುಟ್ಟಿ ಮುಂದೇನೂ ಕೂತು, ತಪ್ಪಾಯ್ತು ಕಣ್ರಪ್ಪ ಅಂತ ಕೇಳ್ಕೋತೀನಿ. ಒಳಗೆ ಹುಳ ಇರ್ತಾವಲ್ಲ."

ಹೀಗೆಂದು, ಬುಟ್ಟಿಗಳು ಕಾಯುತ್ತಿವೆ ಎಂದು ಎದ್ದುಹೋದರು. ಹುಡುಗನ ತಾಯಿ ಕಣ್ಣೊರೆಸಿಕೊಂಡು ಸುಮಾಳನ್ನು ಒಳಗೆ ಕರೆದೊಯ್ದರು. ಸಂಬಂಧ ಮುರಿಯಿತು. ಇನ್ನು ರೂಪಾಳ ಮುಖ ಹೇಗೆ ನೋಡುವುದು?

ವಾಪಸು ಬರುವಾಗ ಬಸ್ಸಿನಲ್ಲಿ ಸುಮಾ ಕಿಟಕಿಯ ಕಡೆಗೇ ತಿರುಗಿ ಕೂತಿದ್ದಳು. ಹುಡುಗನ ತಾಯಿ ಏನಂದರು ಎಂದು ಹೆದರುತ್ತ ಕೇಳಿದೆ.

"ಒಪ್ಪಿದ್ರು. ಆ ಚಿಕ್ಕಪ್ಪನ ವಿಷ್ಯ ಗೊತ್ತಾದ್ರೆ ನಾವು ಬೇಡ ಅಂತೀವೇನೋ ಅಂತ ಆಯಮ್ಮಂಗೆ ನಿದ್ದೇನೇ ಇರ್ಲಿಲ್ವಂತೆ ಕಣ್ರೀ. ನಿಮ್ಮನ್ನ ನೋಡಿದ್ಮೇಲೆ ಧೈರ್ಯ ಬಂತಂತೆ. 'ನಿಮ್ಮನೇಲೂ ಒಬ್ರು ಇದಾರಲ್ಲಮ್ಮ' ಅಂದ್ರು."

"ನೀನೇನಂದೆ?"

"ಹೌದಮ್ಮ, ಪಾಪ, ಯಾರ್ಗೂ ತೊಂದ್ರೆ ಕೊಡಲ್ಲ ಅಂದೆ."

ಅಂದಿನ ದಿನಚರಿಯಲ್ಲಿ, ನನ್ನ ಮಾತಿನಿಂದ ರೂಪಾಳ ಮದುವೆ ಕುದುರಿತು ಎಂದಷ್ಟೇ ಬರೆದುಕೊಂಡಿದ್ದೇನೆ. ಸುಳ್ಳೇನೂ ಅಲ್ಲ.