ಎಡಗೊಕ್ಕೆ, ಬಲಗೊಕ್ಕೆ

ಮೂರು ಸಲ ಜೈಲು ಕಂಡು, ಲಾಠಿಗೆ ಬೆನ್ನು ಕೊಟ್ಟು, ಊರಿನವರಿಂದ ‘ಮೈಕು’ ಎಂದು ಬಿರುದು ಪಡೆದ ನಾನು, ಉಗುರಿನಷ್ಟೂ ಇಲ್ಲದ ಎರಡು ಕಬ್ಬಿಣದ ಚೂರುಗಳಿಂದ ಮಾನ ಕಳೆದುಕೊಂಡೆ. ಯಾರಿಗೂ ಹೇಳಬಾರದು ಅಂದುಕೊಂಡಿದ್ದೆ. ಆದರೆ ಒಳಗೇ ಇಟ್ಟುಕೊಂಡರೆ ಹುಳಿತೇಗು ಬರುತ್ತಿದೆ.

ನನ್ನ ಹೆಂಡತಿ ಗುರಿ ಹೊಡೆಯುವವರ ಕ್ಲಬ್ಬಿನಲ್ಲಿ ರೈಫಲ್ ರಿಪೇರಿ ಮಾಡುತ್ತಾಳೆ. (‘ಬಂದೂಕು ಕೆಳಗಿಡಿ’ ಎಂದು ನಾನು ರಸ್ತೆಯಲ್ಲಿ ಕಿರುಚುತ್ತಿದ್ದಾಗ, ಕೆಳಗಿಟ್ಟದ್ದನ್ನು ಇವಳು ಎತ್ತಿಕೊಂಡು ಎಣ್ಣೆ ಹಾಕುತ್ತಿದ್ದಳು.) ಹನ್ನೊಂದು ವರ್ಷದಿಂದ ಹಂಗಾಮಿ ಕೆಲಸ. ಗಿರಣಿಯವರನ್ನು, ಕಸ ಗುಡಿಸುವವರನ್ನು, ನೀರು ಬಿಡುವವರನ್ನು ಖಾಯಂ ಮಾಡಿ ಎಂದು ಗಂಟಲು ಹರಿದುಕೊಂಡವನು ನಾನು. ನನಗೆ ಅನ್ನ ಹಾಕುತ್ತಿದ್ದ ಹಂಗಾಮಿಯೊಬ್ಬಳು ಮನೆಯೊಳಗೇ ಇದ್ದದ್ದು ಮಾತ್ರ ಒಂದು ಭಾಷಣದಲ್ಲೂ ನೆನಪಿಗೆ ಬರಲಿಲ್ಲ. ಅವಳ ಫೈಲಿಗೆ ಒಬ್ಬೊಬ್ಬರು ಒಂದೊಂದು ಕೊಕ್ಕೆ ಹಾಕಿ ಹಿಂದಕ್ಕೆ ಕಳಿಸುತ್ತಿದ್ದರು. ಅವಳೇ ಒಂಟಿಯಾಗಿ ಅಲೆದೂ ಅಲೆದೂ ಕೊನೆಗೆ ಮೊನ್ನೆಗೆ ಪರೀಕ್ಷೆ ನಿಗದಿಯಾಯಿತು. ಅವಳು ಅಣಿ ಮಾಡಿದ ರೈಫಲಿನಲ್ಲಿ ಪರೀಕ್ಷಕ ಹತ್ತು ಗುಂಡು ಹೊಡೆಯುತ್ತಾನೆ. ಸಲೀಸಾಗಿ ನಡೆದರೆ ಖಾಯಂ, ಕೈಕೊಟ್ಟರೆ ಮನೆಗೆ.

ಪರೀಕ್ಷೆಯ ದಿನ ಮಧ್ಯಾಹ್ನ ಅವಳಿಗೆ ಊಟದ ಡಬ್ಬಿ ತೆಗೆದುಕೊಂಡು ಕ್ಲಬ್ಬಿಗೆ ಹೋದೆ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಬೋಲ್ಟನ್ನು ಬಿಚ್ಚಿ ಇಟ್ಟಿದ್ದಳು. ಬೋಲ್ಟು ಅಂದರೆ ಗುಂಡನ್ನು ಒಳಗೆ ತಳ್ಳುವ ಉಕ್ಕಿನ ಕೊಳವೆ. ಅದರ ಮೂತಿಯ ಎರಡು ಪಕ್ಕಕ್ಕೂ ಒಂದೊಂದು ಪುಟಾಣಿ ಕೊಕ್ಕೆ; ಅವೆರಡನ್ನೂ ಕಳಚಿ ಬಟ್ಟೆಯ ಮೇಲೆ ಇಟ್ಟಿದ್ದಳು. ಗುಂಡು ಹಾರಿದ ಮೇಲೆ ಉಳಿಯುವ ಖಾಲಿ ಹಿತ್ತಾಳೆ ತೋಟಾವನ್ನು ಅವು ಅಂಚು ಹಿಡಿದು ಹೊರಗೆ ಎಳೆಯುತ್ತವೆ.

‘‘ಎರಡೂ ಒಂದೇ ಥರ ಇವೆಯಲ್ಲೇ?’’ ಅಂದೆ.

‘‘ಒಂದೇ ಥರ ಇಲ್ಲ. ಬಲಗಡೇದು ಚೂಪು, ಅದೇ ಎಳೆಯೋದು. ಎಡಗಡೇದು ಮೊಂಡು. ಅದು ಸುಮ್ನೆ ಒತ್ತಾಸೆಗೆ ನಿಂತಿರುತ್ತೆ, ಸಮಯ ಬಂದಾಗ ಬಿಟ್ಟುಬಿಡುತ್ತೆ.’’

‘‘ಎಡದವರನ್ನ ಮೊಂಡು ಅಂತೀಯಾ?’’

‘‘ನಿಮ್ಮನ್ನ ನೋಡೇ ಮಾಡಿರ್ಬೇಕು. ಮುಟ್ಟಬೇಡ್ರಿ, ಗುರಿ ಹಲಗೆ ಎಣಿಸಿಕೊಟ್ಟು ಬರ್ತೀನಿ. ಬಂದು ಜೋಡಿಸ್ತೀನಿ.’’

ಅವಳು ಆ ಕಡೆ ಹೋದದ್ದೇ ತಡ, ನನ್ನೊಳಗೆ ಪಶ್ಚಾತ್ತಾಪದ ಮಹಾಪೂರ ಉಕ್ಕಿತು. ಹನ್ನೊಂದು ವರ್ಷ ಏನೂ ಮಾಡದವನು ಇವತ್ತು ಒಂದು ಕೊಕ್ಕೆಯನ್ನಾದರೂ ಸಿಕ್ಕಿಸಬಾರದೇ? ಕೊಕ್ಕೆಗಳ ಹಲ್ಲಿನಲ್ಲಿ ಕಂಡ ಮಸಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ. ಬೋಲ್ಟನ್ನು ಎತ್ತಿ ಅದರ ಮೂತಿಯನ್ನು ನನ್ನ ಮುಖಕ್ಕೆ ತಿರುಗಿಸಿ ಹಿಡಿದೆ. ನಲವತ್ತು ವರ್ಷ ವೇದಿಕೆಯ ಮೇಲೆ ನಿಂತವನ ಚಾಳಿ ನೋಡಿ, ಎದುರಿಗಿದ್ದವರು ಯಾವಾಗಲೂ ನನ್ನ ಕಡೆಗೇ ಮುಖ ಮಾಡಿರಬೇಕು. ನನ್ನ ಎಡಕ್ಕೆ ಎಡದ್ದು, ನನ್ನ ಬಲಕ್ಕೆ ಬಲದ್ದು, ಮೇಲೆ ಸ್ಪ್ರಿಂಗು. ಸ್ಪ್ರಿಂಗು ಒಮ್ಮೆ ಚಿಮ್ಮಿ ತೆರೆದಿಟ್ಟಿದ್ದ ಊಟದ ಡಬ್ಬಿಗೆ ಬಿತ್ತು. ಒರೆಸಿ ಮತ್ತೆ ಕೂರಿಸಿದೆ. ಎದುರಿಗಿರುವವನ ಎಡ ನನ್ನ ಬಲ ಎಂಬುದು ಆ ಕ್ಷಣದಲ್ಲಿ ಈ ಮಹಾನಾಯಕನಿಗೆ ಹೊಳೆಯಲಿಲ್ಲ.

ಅವಳು ಓಡುತ್ತಾ ಬಂದಳು. ಹಿಂದೆಯೇ ಪರೀಕ್ಷಕ, ದಪ್ಪ ಬಿಳಿಮೀಸೆ. ಹೇಳಿದ ಹೊತ್ತಿಗಿಂತ ಒಂದು ಗಂಟೆ ಮುಂಚೆ!

‘‘ಜೋಡಿಸಿ ಆಗಿದೆಯೇನಮ್ಮಾ?’’

ಅವಳು ಮೇಜು ನೋಡಿದಳು, ಬೋಲ್ಟು ನೋಡಿದಳು, ನನ್ನನ್ನು ನೋಡಿದಳು. ನಾನು ಹೆಮ್ಮೆಯಿಂದ ಕಣ್ಣು ಮಿಟುಕಿಸಿದೆ. ಬಿಚ್ಚಿ ನೋಡಲು ಪುರುಸೊತ್ತು ಎಲ್ಲಿ? ಹಾಗೇ ರೈಫಲಿಗೆ ಸಿಕ್ಕಿಸಿ ಕೊಟ್ಟಳು.

ಮೊದಲ ಗುಂಡು ಹಾರಿತು. ಮೀಸೆ ಬೋಲ್ಟನ್ನು ಹಿಂದಕ್ಕೆಳೆದ. ಖಾಲಿ ತೋಟಾ ಹೊರಗೆ ಹಾರಲಿಲ್ಲ. ಮೂತಿಯ ಎಡಗಡೆಗೆ ಜೋತುಬಿದ್ದು, ಧರಣಿ ಕೂತವನಂತೆ ಅಲ್ಲಾಡದೆ ನಿಂತಿತು. ಬೆರಳಿನಿಂದ ಕೆಡವಿ ಎರಡನೆಯದನ್ನು ಹೊಡೆದ. ಅದೂ ಹಾಗೆಯೇ.

‘‘ಹನ್ನೊಂದು ವರ್ಷದ ಕೈಚಳಕ ಇದೇನಾ?’’ ಮೀಸೆ ಪೆನ್ನಿನ ಮುಚ್ಚಳ ತೆಗೆದ.

ಅವಳ ಮುಖದಲ್ಲಿ ರಕ್ತವಿರಲಿಲ್ಲ. ನಾನು ಆಗ ಹೇಳಬೇಕಿತ್ತು, ‘ಮಾಡಿದವನು ನಾನು’ ಎಂದು. ಪೊಲೀಸರ ಮುಂದೆ ಎದೆಯುಬ್ಬಿಸಿ ‘ಬರ್ಕೊಳ್ರೀ ನನ್ನ ಹೆಸರು’ ಅಂದವನು. ಮುಷ್ಟಿ ಬಿಗಿದು ಆಕಾಶಕ್ಕೆ ಎತ್ತಿದ ಕೈ ಇದೇ. ಅವತ್ತು ಅದು ಊಟದ ಡಬ್ಬಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತಿತು. ಮೈಕಿಗೆ ಕರೆಂಟು ಹೋಗಿತ್ತು.

‘‘ಐದು ನಿಮಿಷ ಕೊಡಿ ಸಾರ್,’’ ಅಂದಳು. ಬೋಲ್ಟನ್ನು ಹೊರತೆಗೆದು, ಮೂತಿಯನ್ನು ತನ್ನಿಂದಾಚೆಗೆ ತಿರುಗಿಸಿ ಹಿಡಿದು ಮಸೂರದಲ್ಲಿ ನೋಡಿದಳು. ಮತ್ತೆ ನನ್ನನ್ನು ನೋಡಿದಳು, ಈ ಸಲ ಮಸೂರವಿಲ್ಲದೆ. ಅದಕ್ಕಿಂತ ಲಾಠಿ ಏಟು ವಾಸಿ.

‘‘ಎಡ ಬಲ ಅದಲುಬದಲಾಗಿದೆ ಸಾರ್. ಬಿಡಬೇಕಾದ ಕಡೆ ಹಿಡಿಯೋದು ಕೂತಿದೆ.’’

ಸ್ಪ್ರಿಂಗು ಎತ್ತಿ, ಕೊಕ್ಕೆ ಬದಲಿಸಿ, ಸ್ಪ್ರಿಂಗಿಗೆ ಹತ್ತಿದ್ದ ಒಂದು ಅನ್ನದ ಅಗುಳನ್ನು ಸದ್ದಿಲ್ಲದೆ ಒರೆಸಿ, ಮೂರೇ ನಿಮಿಷಕ್ಕೆ ಕೊಟ್ಟಳು. ಮೀಸೆ ಮತ್ತೆ ಮೊದಲಿನಿಂದ ಹೊಡೆದ. ಹತ್ತು ತೋಟಾಗಳೂ ಹುರಿದ ಕಾಳಿನಂತೆ ಟಣ್ ಟಣ್ ಎಂದು ಹಾರಿಬಿದ್ದವು.

‘‘ಹಾಗೆ ಜೋಡಿಸಿದ್ದು ಯಾರು?’’

‘‘ನಾನೇ ಸಾರ್. ಗಡಿಬಿಡೀಲಿ.’’

‘‘ತಪ್ಪು ಎಲ್ಲರೂ ಮಾಡ್ತಾರೆ, ಒಪ್ಪಿಕೊಳ್ಳೋರು ಕಮ್ಮಿ,’’ ಅನ್ನುತ್ತಾ ಮೀಸೆ ಸಹಿ ಹಾಕಿದ. ಆ ಮಾತು ಅವಳಿಗೆ ಹೊಗಳಿಕೆ. ನನಗೆ ಏನೆಂದು ಬರೆಯಲಾರೆ.

ಮನೆಗೆ ಬಂದ ಮೇಲೆ ಧೈರ್ಯ ಮಾಡಿ ಕೇಳಿದೆ, ‘‘ನನ್ನ ಹೆಸರು ಹೇಳಬಹುದಿತ್ತಲ್ಲ?’’

‘‘ಹೇಳಿದ್ರೆ? ಕೆಲಸಕ್ಕೆ ಸಂಬಂಧ ಇಲ್ಲದೋರ ಕೈಗೆ ಬೋಲ್ಟು ಕೊಟ್ಟಿದ್ದೀಯಾ ಅಂತ ಅಲ್ಲೇ ಮನೆಗೆ ಕಳಿಸ್ತಿದ್ರು. ಸದ್ಯ, ನೀವು ಬಾಯಿ ಬಿಡಲಿಲ್ಲ. ಅಷ್ಟಾದ್ರೂ ಬುದ್ಧಿ ಓಡಿಸಿದ್ರಲ್ಲ.’’

ಬುದ್ಧಿಯಲ್ಲ, ಪುಕ್ಕಲುತನ ಎಂದು ಹೇಳುವ ಎರಡನೇ ಅವಕಾಶ ಅದು. ನಾನು ‘‘ಹೂಂ’’ ಅಂದೆ.

‘‘ಪೋಸ್ಟರ್ ಬರೀತಿದ್ರಲ್ಲ, ಆ ಕೆಂಪು ಬಣ್ಣ ಇನ್ನೂ ಇದೆಯಾ? ನನ್ನ ರಿಪೇರಿ ಕೋಣೆ ಬಾಗಿಲಿಗೆ ಒಂದು ಬೋರ್ಡು ಬೇಕು. ದೊಡ್ಡ ಅಕ್ಷರದಲ್ಲಿ.’’

ಪ್ರಾಯಶ್ಚಿತ್ತಕ್ಕೆ ದಾರಿ ಸಿಕ್ಕಿತೆಂದು ನೆಲದ ಮೇಲೆ ಹಲಗೆ ಹಾಸಿ ಕೂತೆ. ಅವಳು ಹೇಳಿದಳು, ನಾನು ಬರೆದೆ: ‘ಹೊರಗಿನವರಿಗೆ ಪ್ರವೇಶವಿಲ್ಲ.’

‘‘ಚೆನ್ನಾಗಿದೆ. ಆದ್ರೆ ಹೊರಗಿನವರು ಅಂದ್ರೆ ಯಾರು ಅಂತ ಜನಕ್ಕೆ ಗೊತ್ತಾಗುತ್ತಾ?’’ ಅಂದೆ.

‘‘ಜನಕ್ಕೆ ಗೊತ್ತಿದೆ,’’ ಅಂದಳು. ‘‘ಬರೀತಾ ಇರೋರಿಗೆ ಗೊತ್ತಾಗಲಿ ಅಂತಾನೇ ಬರೆಸ್ತಿರೋದು.’’